ಕೊಡಚಾದ್ರಿಯ ಕೆಂಪು ಧೂಳು

ಭಾನುವಾರ ನಸುಕಿನಲ್ಲೇ ಶಿವಮೊಗ್ಗ ಬಿಟ್ಟು, ಹೊಸನಗರದ ಮೇಲೆ ನಗರ ಎಂಬ ಊರಿಗೆ ಬಂದೆವು. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಬಿದನೂರು ಇದೇ. ಈಗ ಕೋಟೆಯ ಬಳಿ ಎಮ್ಮೆಯೊಂದು ಮೆಲುಕು ಹಾಕುತ್ತ ಮಲಗಿತ್ತು. ನಿಟ್ಟೂರಿನಲ್ಲಿ ಕಾರು ನಿಲ್ಲಿಸಿ ಜೀಪು ಹತ್ತಿದೆವು.

ಬೆಟ್ಟ ಶುರುವಾದ ಮೇಲೆ ಸಿಗುವುದನ್ನು ರಸ್ತೆ ಎನ್ನುವುದು ಸೌಜನ್ಯಕ್ಕೆ. ಮಳೆನೀರು ಕೊರೆದ ಕೊರಕಲು, ಅದರ ತುಂಬ ತೆಂಗಿನಕಾಯಿ ಗಾತ್ರದ ಕಲ್ಲುಗಳು. ಚಾಲಕರು ಬಾಯಲ್ಲಿ ಕವಳ ತುಂಬಿಕೊಂಡು, ಗೇರನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಯಾವ ಕಲ್ಲು ಎಲ್ಲಿದೆ ಎಂದು ಬಾಯಿಪಾಠ ಮಾಡಿದವರಂತೆ ಚಕ್ರ ಹತ್ತಿಸಿ ಇಳಿಸುತ್ತಿದ್ದರು. "ಕಂಬಿ ಬಿಡಬೇಡಿ ಅಮ್ಮಾ" ಎಂದದ್ದು ಬಿಟ್ಟರೆ ಮಾತಿಲ್ಲ. ಅತ್ತಿಗೆ ಮಾತ್ರ ದಾರಿಯುದ್ದಕ್ಕೂ ಮೂಕಾಂಬಿಕೆಯನ್ನು ಕರೆಯುತ್ತಲೇ ಇದ್ದರು. ದೇವಿ ಕೊಲ್ಲೂರಿನಲ್ಲಿ, ಕೆಳಗೇ ಇದ್ದಾಳೆ, ಕೇಳಿಸಿರಬಹುದು.

ಕಾಡು ಒಮ್ಮೆಲೇ ಮುಗಿದುಹೋಯಿತು. 1343 ಮೀಟರ್ ಎತ್ತರದ ಆ ನೆತ್ತಿಯ ಸುತ್ತ ಬರೀ ಹುಲ್ಲು ಮತ್ತು ಗಾಳಿ. ಮರಗಳೆಲ್ಲ ತೇವ ಹಿಡಿದಿಡುವ ಕಣಿವೆಯ ತಗ್ಗುಗಳಲ್ಲಿ ಗುಂಪುಗೂಡಿ ನಿಂತಿದ್ದವು. ಇದನ್ನೇ ಶೋಲಾ ಎನ್ನುತ್ತಾರೆ. ಜೀಪು ನಿಂತಲ್ಲಿಂದ ಸರ್ವಜ್ಞ ಪೀಠದ ಪುಟ್ಟ ಕಲ್ಲಿನ ಗುಡಿಯವರೆಗೆ ನಡೆದೇ ಹೋಗಬೇಕು. ಮಂಜು ಬಂದು ಗುಡಿಯನ್ನು ಮುಚ್ಚಿತು, ಮತ್ತೆ ತೆರೆಯಿತು.

ಅಪ್ಪ ಈ ಬೆಟ್ಟವನ್ನು ಕೆಳಗಿನಿಂದಲೇ ಬರಿಗಾಲಲ್ಲಿ ಹತ್ತಿದವರು. ಜೀಪಿನಲ್ಲಿ ಕುಳಿತು ಸೊಂಟ ಹೋಯಿತೆಂದು ಗೊಣಗಿದ ನನಗೆ ಅದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ. ಸೊಂಟ ನಿಜಕ್ಕೂ ನೋಯುತ್ತಿತ್ತು.

ರಾತ್ರಿ ತಲೆಗೆ ನೀರು ಹಾಕಿಕೊಂಡಾಗ ಬಚ್ಚಲಲ್ಲಿ ಕೆಂಪು ನೀರು ಹರಿಯಿತು. ಬಿಳಿಯ ಪಂಚೆ ಇನ್ನೂ ನೆನೆಹಾಕಿದ ಬಕೆಟ್ಟಿನಲ್ಲಿದೆ.