ಸಿದ್ಧ ಪೇಸ್ಟಿನ ಥಾಯ್ ರೆಡ್ ಕರಿ: ಮಳೆಗಾಲದ ಅಡುಗೆ ದಾಖಲೆ

ಜೂನ್

ಅಂಗಡಿಯಲ್ಲಿ ಸಿಗುವ ಪೇಸ್ಟನ್ನೇ ಬಳಸಿ, ಮೇಲೆ ಕೆಂಪು ಎಣ್ಣೆ ತೇಲುವ, ಪರಿಮಳ ತುಂಬಿದ ಥಾಯ್ ರೆಡ್ ಕರಿಯನ್ನು ಬೆಂಗಳೂರಿನ ನಮ್ಮ ಮನೆಯಲ್ಲಿ ಮಾಡಲು ಸಾಧ್ಯವೇ ಎಂದು ನೋಡುವುದಕ್ಕಾಗಿ ಈ ಕೆಲಸವನ್ನು ಕೈಗೆತ್ತಿಕೊಂಡಿದ್ದೇನೆ. ಪೇಸ್ಟನ್ನು ಮನೆಯಲ್ಲೇ ಕುಟ್ಟುವ ಉದ್ದೇಶ ನನಗಿಲ್ಲ. ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಮಜ್ಜಿಗೆಹುಲ್ಲು, ದುಂಪರಾಸ್ಮೆಯ ಜಾತಿಯ ಗಲಂಗಲ್ ಗೆಡ್ಡೆ, ಮಕ್ರೂಟ್ ನಿಂಬೆಯ ಸಿಪ್ಪೆ, ಕೊತ್ತಂಬರಿ ಗಿಡದ ಬೇರು, ಹುದುಗಿಸಿದ ಸಿಗಡಿ ಪೇಸ್ಟ್ ಇವೆಲ್ಲವನ್ನೂ ಕಲ್ಲಿನ ಒರಳಿನಲ್ಲಿ ನುಣ್ಣಗಾಗುವವರೆಗೆ ಕುಟ್ಟಬೇಕಾದ ಕೆಲಸ ಅದು. ಥಾಯ್ಲೆಂಡಿನಲ್ಲಿಯೂ ಸಂತೆಯಲ್ಲಿ ರಾಶಿ ಹಾಕಿ ತೂಕಕ್ಕೆ ಮಾರುವ ಪೇಸ್ಟನ್ನು ಮನೆಗೆ ತಂದು ಅಡುಗೆ ಮಾಡುವುದು ದಿನನಿತ್ಯದ ರೂಢಿ. ಆದುದರಿಂದ ಕೊಂಡು ತಂದ ಪೇಸ್ಟಿನಿಂದ ಮಾಡಿದ ಕರಿಯನ್ನು ಕಡಿಮೆ ದರ್ಜೆಯದೆಂದು ಎಣಿಸಲು ಕಾರಣವಿಲ್ಲ.

ಪೇಸ್ಟುಗಳ ವಿಷಯದಲ್ಲಿ ಡಬ್ಬಿಯ ಮೇಲಿನ ಪಟ್ಟಿಯನ್ನು ಓದುವುದು ಅತ್ಯಗತ್ಯ. ಮೇ ಪ್ಲಾಯ್ ಹೆಸರಿನ ರೆಡ್ ಕರಿ ಪೇಸ್ಟಿನಲ್ಲಿ ಸಿಗಡಿ ಇರುತ್ತದೆ. ಡಬ್ಬಿಯ ಮುಂಭಾಗದ ಚಿತ್ರದಲ್ಲಿ ಅದರ ಸುಳಿವು ಸಿಗದಿರಬಹುದು. ಸಸ್ಯಾಹಾರಿಗಳು ಮತ್ತು ಸಿಗಡಿ ಒಗ್ಗದವರು ಇದನ್ನು ಮೊದಲು ಗಮನಿಸಬೇಕು. ಇನ್ನೊಂದು ವಿಷಯವೆಂದರೆ ಉಪ್ಪು. ಪೇಸ್ಟು ಕೆಡದಿರಲೆಂದು ಸಾಕಷ್ಟು ಉಪ್ಪನ್ನು ಬೆರೆಸಿರುತ್ತಾರೆ. ಆದ್ದರಿಂದ ಮೀನಿನ ಸಾಸನ್ನಾಗಲಿ ಉಪ್ಪನ್ನಾಗಲಿ ಕೊನೆಯಲ್ಲಿ ರುಚಿ ನೋಡಿದ ಮೇಲೆಯೇ ಸೇರಿಸುವುದೆಂದು ನಿಯಮ ಮಾಡಿಕೊಂಡೆ. 400 ಮಿಲಿಲೀಟರ್ ತೆಂಗಿನ ಹಾಲಿಗೆ ಸುಮಾರು 50 ಗ್ರಾಂ ಪೇಸ್ಟು ನಮ್ಮ ಮನೆಯವರ ನಾಲಿಗೆಗೆ ಹದವಾಗಿದೆ. ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಒಂದು ಸಲಕ್ಕೆ ಬೇಕಾಗುವಷ್ಟರ ಉಂಡೆಗಳಾಗಿ ಮಾಡಿ ಫ್ರೀಜರಿನಲ್ಲಿ ಇಟ್ಟಿದ್ದೇನೆ.

ಜುಲೈ

ಈ ತಿಂಗಳ ಕೆಲಸವೆಲ್ಲ ತೆಂಗಿನ ಹಾಲಿನ ಸುತ್ತಲೇ ನಡೆಯಿತು, ಮತ್ತು ಕರಿಯ ರುಚಿಯನ್ನು ನಿರ್ಧರಿಸುವುದು ಪೇಸ್ಟಿಗಿಂತ ಹೆಚ್ಚಾಗಿ ಈ ಹಾಲೇ ಎಂಬುದು ನನಗೆ ಈಗ ಖಚಿತವಾಗಿದೆ.

ನಮ್ಮ ಕರಾವಳಿಯ ಅಡುಗೆಯಲ್ಲಿ ಮೊದಲು ಹಿಂಡಿದ ದಪ್ಪ ಹಾಲನ್ನು ಕಟ್ಟಕಡೆಗೆ ಸೇರಿಸಿ, ಒಂದು ಕುದಿ ಬರುವ ಮೊದಲೇ ಒಲೆಯಿಂದ ಇಳಿಸುತ್ತಾರೆ. ಹಾಲು ಒಡೆಯಬಾರದೆಂಬುದೇ ಅಲ್ಲಿನ ಎಚ್ಚರ. ಥಾಯ್ ವಿಧಾನದಲ್ಲಿ ಕ್ರಮವೇ ತಿರುಗುಮುರುಗು. ಅಲ್ಲಿ ದಪ್ಪ ಹಾಲನ್ನು ಮೊದಲೇ ಬಾಣಲೆಗೆ ಹಾಕಿ, ನೀರಿನ ಅಂಶ ಆರಿ ಎಣ್ಣೆ ಬೇರ್ಪಡುವವರೆಗೆ ಬೇಕೆಂದೇ ಕಾಯಿಸುತ್ತಾರೆ, ಆ ಎಣ್ಣೆಯಲ್ಲಿ ಪೇಸ್ಟನ್ನು ಹುರಿಯುತ್ತಾರೆ, ತೆಳು ಹಾಲನ್ನು ಆಮೇಲೆ ಹಾಕಿ ಕುದಿಸುತ್ತಾರೆ. ಇದರ ಹಿಂದಿನ ಕಾರಣ ಸರಳ. ಮೆಣಸಿನಕಾಯಿಯ ಕೆಂಪು ಬಣ್ಣವೂ ಖಾರವೂ, ಮಜ್ಜಿಗೆಹುಲ್ಲು ಮತ್ತು ಗಲಂಗಲ್‌ನ ಪರಿಮಳದ ಬಹುಪಾಲೂ ಕೊಬ್ಬಿನಲ್ಲಿ ಕರಗುವಂಥವು. ಪೇಸ್ಟನ್ನು ನೇರವಾಗಿ ಕುದಿಯುವ ಹಾಲಿಗೆ ಕದಡಿದರೆ ಬೆಳ್ಳುಳ್ಳಿಯ ಹಸಿವಾಸನೆ ಉಳಿಯುತ್ತದೆ, ಬಣ್ಣವೂ ಮಂಕಾಗಿಯೇ ಇರುತ್ತದೆ.

ಪೊಟ್ಟಣದ ಹಾಲುಗಳಲ್ಲಿ ಕೆಲವು ಎಷ್ಟು ಕಾಯಿಸಿದರೂ ಒಡೆಯುವುದಿಲ್ಲ. ತೆಂಗಿನ ಹಾಲೆಂದರೆ ನೀರಿನಲ್ಲಿ ಹರಡಿಕೊಂಡ ಕೊಬ್ಬಿನ ಸೂಕ್ಷ್ಮ ಹನಿಗಳು. ಹಾಲಿನ ಪ್ರೋಟೀನುಗಳು ಆ ಹನಿಗಳನ್ನು ಒಂದಕ್ಕೊಂದು ಸೇರದಂತೆ ತಡೆಹಿಡಿದಿರುತ್ತವೆ, ಕಾವು ಹೆಚ್ಚಾಗಿ ನೀರು ಇಂಗಿದಾಗ ಆ ಹಿಡಿತ ಸಡಿಲವಾಗುತ್ತದೆ. ಕಪಾಟಿನಲ್ಲಿ ಇರುವಾಗ ಹಾಲು ಬೇರ್ಪಡದಿರಲೆಂದು ತಯಾರಕರು ಗೋರಿಕಾಯಿ ಜಾತಿಯ ಬೀಜದಿಂದ ತೆಗೆದ ಅಂಟನ್ನೋ ಬೇರೆ ಎಮಲ್ಸಿಫೈಯರನ್ನೋ ಬೆರೆಸಿದರೆ, ಅದೇ ಗುಣ ಬಾಣಲೆಯಲ್ಲಿ ನಮಗೆ ಅಡ್ಡಿಯಾಗುತ್ತದೆ. ಪಟ್ಟಿಯಲ್ಲಿ ತೆಂಗು ಮತ್ತು ನೀರು ಮಾತ್ರ ಇರುವ ಹಾಲನ್ನು ಹುಡುಕಿ ತರುವುದು ಒಂದು ಪರಿಹಾರ. ಅದು ಸಿಗದಿದ್ದ ದಿನ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯನ್ನು ಹಾಲಿನ ಕೆನೆಯ ಜೊತೆಗೇ ಬಾಣಲೆಗೆ ಹಾಕಿ ಪೇಸ್ಟನ್ನು ಹುರಿದರೆ ಫಲಿತಾಂಶ ಸಾಕಷ್ಟು ಹತ್ತಿರ ಬರುತ್ತದೆ.

ಆದರೆ ಮನೆಯಲ್ಲಿ ತುರಿದು ಹಿಂಡಿದ ಹಾಲಿಗೆ ಸಾಟಿಯಿಲ್ಲ. ಬಲಿತ ಕಾಯಿಯ ತುರಿಯನ್ನು ಸ್ವಲ್ಪವೇ ಬೆಚ್ಚನೆಯ ನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಕೆಲವು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಕೆನೆ ಗಟ್ಟಿಯಾಗಿ ಮೇಲೆ ಕಟ್ಟುತ್ತದೆ. ಆ ಕೆನೆಯನ್ನು ಅಗಲವಾದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಕಾಯಿಸುವಾಗ ಕಿವಿಯನ್ನೂ ಅತ್ತ ಕೊಡಬೇಕು: ಕೊತಕೊತ ಕುದಿಯುವ ಸದ್ದು ತಗ್ಗಿ ಚಟಪಟ ಸಿಡಿಯುವ ಸದ್ದು ಕೇಳತೊಡಗಿದರೆ ನೀರು ಆರಿತೆಂದೇ ಅರ್ಥ. ಅಂಚಿನಲ್ಲಿ ಎಣ್ಣೆಯ ಮಣಿಗಳು ಕಾಣಿಸಿದೊಡನೆ ಪೇಸ್ಟನ್ನು ಹಾಕಿ, ಉರಿ ತಗ್ಗಿಸಿ, ಎಣ್ಣೆ ಕೆಂಪಾಗಿ ಬೇರ್ಪಡುವವರೆಗೆ ಕೈಬಿಡದೆ ಮಗುಚಬೇಕು. ಈ ಹಂತದಲ್ಲಿ ಅವಸರ ಪಡದಿರುವುದೊಂದೇ ಇಡೀ ಅಡುಗೆಯ ಗುಣವನ್ನು ಬದಲಿಸುತ್ತದೆ.

ಆಗಸ್ಟ್

ಈಗ ತರಕಾರಿಗಳ ಸರದಿ. ಥಾಯ್ ಅಡುಗೆಯವರು ಬಳಸುವ ಗೋಲಿಯಂಥ ಸಣ್ಣ ಹಸಿರು ಕಾಯಿಯ ಗೊಂಚಲು ನಮ್ಮ ಸುಂಡೆಕಾಯಿಯೇ ಆಗಿದೆ. ಅದರ ನಸುಗಹಿ ತೆಂಗಿನ ಹಾಲಿನ ಸಿಹಿಯನ್ನು ಹಿತಮಿತವಾಗಿ ಮುರಿಯುತ್ತದೆ. ಅವರ ದುಂಡು ಹಸಿರು ಬದನೆಯ ಜಾಗದಲ್ಲಿ ಉಡುಪಿಯ ಮಟ್ಟು ಗುಳ್ಳವನ್ನು ಹೋಳು ಮಾಡಿ ಹಾಕಿದೆ. ಅದರ ಸಿಪ್ಪೆ ತೆಳುವಾದುದರಿಂದ ಬೇಗ ಬೇಯುತ್ತದೆ, ಹೀಗಾಗಿ ಕೊನೆಯ ಕೆಲವು ನಿಮಿಷಗಳಲ್ಲಿ ಸೇರಿಸುವುದು ಒಳ್ಳೆಯದು. ಬಿದಿರಿನ ಮೊಳಕೆ ಈ ಕರಿಗೆ ಸಹಜವಾದದ್ದೇ, ಮತ್ತು ಮಲೆನಾಡಿನಲ್ಲಿ ಕಳಲೆ ಬರುವ ಕಾಲವೂ ಇದೇ. ಹಸಿ ಕಳಲೆಯಲ್ಲಿ ವಿಷಾಂಶವಿರುವ ಕಾರಣ, ಊರಿನಲ್ಲಿ ಮಾಡುವಂತೆ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಮೂರು ದಿನಗಳ ನಂತರ ಚೆನ್ನಾಗಿ ಬೇಯಿಸಿ ನೀರು ಬಸಿದ ಮೇಲೆಯೇ ಬಳಸಿದೆ.

ಎಲೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ರೆಡ್ ಕರಿಗೆ ಹಾಕುವ ಥಾಯ್ ಬೇಸಿಲ್ ಸೋಂಪಿನ ಪರಿಮಳವುಳ್ಳದ್ದು, ನಮ್ಮ ಕಾಮಕಸ್ತೂರಿಯ ಪ್ರಭೇದಕ್ಕೇ ಸೇರಿದ್ದು. ತುಳಸಿ ಬೇರೆಯೇ ಪ್ರಭೇದ, ಥಾಯ್ ಅಡುಗೆಯಲ್ಲಿ ಅದರ ಹತ್ತಿರದ ಬಂಧು ಹುರಿದ ಮಾಂಸದ ಪದಾರ್ಥಗಳಿಗೆ ಸಲ್ಲುತ್ತದೆ. ಒಲೆ ಆರಿಸಿದ ಮೇಲೆ ಒಂದು ಹಿಡಿ ಕಾಮಕಸ್ತೂರಿ ಎಲೆಗಳನ್ನು ಕದಡಿದರೆ ಸಾಕು. ಮಕ್ರೂಟ್ ನಿಂಬೆಯ ಎಲೆಗೆ ಮಾತ್ರ ಬದಲಿ ಕಾಣೆ. ನಡುನಾರನ್ನು ತೆಗೆದು ಹರಿದು ಹಾಕುವ ಆ ಎಲೆಯನ್ನು ಸಿಕ್ಕಾಗ ತಂದು ಫ್ರೀಜರಿನಲ್ಲಿ ಇಡುತ್ತಿದ್ದೇನೆ. ಸಿಹಿಗೆ ಅವರ ತಾಳೆ ಸಕ್ಕರೆಯ ಬದಲು ದಕ್ಷಿಣ ಕನ್ನಡದ ಓಲೆಬೆಲ್ಲವನ್ನು ಒಂದು ಸಣ್ಣ ಚಮಚದಷ್ಟು ಹಾಕುತ್ತೇನೆ, ಅದು ಚೆನ್ನಾಗಿಯೇ ಹೊಂದುತ್ತದೆ.

ಬಣ್ಣ ಇನ್ನಷ್ಟು ಬೇಕೆನಿಸಿದ್ದರಿಂದ, ಬೀಜ ತೆಗೆದ ಬ್ಯಾಡಗಿ ಮೆಣಸಿನಕಾಯಿಗಳನ್ನು ನೆನೆಸಿ ಅರೆದು ಪೇಸ್ಟಿನ ಜೊತೆ ಹುರಿಯಲು ಆರಂಭಿಸಿದ್ದೇನೆ. ಖಾರ ಹೆಚ್ಚಾಗದೆ ಕೆಂಪು ಗಾಢವಾಗುತ್ತಿದೆ. ಸಸ್ಯಾಹಾರಿಗಳಿಗಾಗಿ ಸಿಗಡಿಯಿಲ್ಲದ ಪೇಸ್ಟು, ತೋಫು ಮತ್ತು ತಿಳಿ ಸೋಯಾ ಸಾಸ್ ಬಳಸಿ ಮಾಡಿದ ಕರಿಯಲ್ಲಿ ಹುದುಗಿನ ಆಳವಾದ ರುಚಿ ಇನ್ನೂ ಕೂಡಿಬಂದಿಲ್ಲ. ಮುಂದಿನ ತಿಂಗಳು ಪೇಸ್ಟನ್ನು ಹುರಿಯುವಾಗಲೇ ಸ್ವಲ್ಪ ಹುದುಗಿಸಿದ ಸೋಯಾ ಪೇಸ್ಟನ್ನು ಸೇರಿಸಿ ನೋಡಲಿದ್ದೇನೆ. ಅದರಲ್ಲಿಯೂ ಉಪ್ಪಿರುವುದರಿಂದ ಸೋಯಾ ಸಾಸನ್ನು ಅಷ್ಟರಮಟ್ಟಿಗೆ ತಗ್ಗಿಸಬೇಕಾಗುತ್ತದೆ.