ಗೊಂಬೆಗೆ ಉಣ್ಣಿಸಿದ್ದು

ಮಂಗಳವಾರ, 11 ಜೂನ್ 2024, ರಾತ್ರಿ

ಪುಟ್ಟಿ ಇವತ್ತು ಗೊಂಬೆಗೆ ಊಟ ಮಾಡಿಸುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅವಳು ನನ್ನನ್ನು ನೋಡಿರಲಿಲ್ಲ. ಗೊಂಬೆಯನ್ನು ದಿಂಬಿಗೆ ಒರಗಿಸಿದ್ದಾಳೆ. ಎದುರಿಗೆ ಆಟದ ಮರದ ತುಂಡೊಂದನ್ನು ಲೋಟಕ್ಕೆ ಆನಿಸಿ ನಿಲ್ಲಿಸಿದ್ದಾಳೆ. ಅದೇನೆಂದು ಮೊದಲು ಹೊಳೆಯಲಿಲ್ಲ. ಚಮಚ ಬಾಯಿಗಿಟ್ಟವಳು ಸಟ್ಟನೆ ಆ ತುಂಡನ್ನು ಮಗುಚಿ ಹಾಕಿ, "ನುಂಗು. ನುಂಗಿದ್ರೆ ಮಾತ್ರ ವಿಡಿಯೊ. ಇನ್ನೊಂದೇ ತುತ್ತು" ಅಂದಳು. ಆ "ಇನ್ನೊಂದೇ" ಅನ್ನುವಾಗ ನಾನು ಎಳೆಯುವ ರಾಗವೂ ಹಾಗೇ ಇತ್ತು. ಆಮೇಲೆ ಗೊಂಬೆಯ ಕಾಲು ನೇರ ಮಾಡಿ, "ಓಡಬೇಡ, ಬೀಳ್ತೀಯ, ಸುಮ್ನೆ ಕೂತ್ಕೋ" ಎಂದು ಗದರಿದಳು.

ಕೈಯಲ್ಲಿದ್ದ ಟವೆಲ್ ಮಡಚುವುದು ಮರೆತೇಹೋಯಿತು.

ಇವರಿಗೆ ಹೇಳಿದರೆ, "ಮಕ್ಕಳಾಟ, ಬಿಡೇ" ಅಂದರು.

"ಬಿಡೋದು ಹೇಗ್ರೀ? ಇದನ್ನ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನೋಡಿ ಕಲಿತಿದ್ದಾಳೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನೂ ಕಲಿಸಿದ್ದೀನಿ. ದಿನಾ ರಾತ್ರಿ ಫೋನ್ ನೋಡ್ಕೊಂಡೇ ಅಲ್ವಾ ಉಣ್ಣೋದು" ಅಂದರು. ನನಗೆ ಇನ್ನೇನೂ ಹೇಳಲು ತೋಚಲಿಲ್ಲ.

ಮಲಗಿಸುವಾಗ ಮೆಲ್ಲಗೆ ಕೇಳಿದೆ, "ಗೊಂಬೆಗೆ ಹೊಟ್ಟೆ ತುಂಬಿತ್ತಾ ಪುಟ್ಟಿ?"

"ಹ್ಞೂಂ, ಸಾಕು ಅಂದ್ಲು. ಆದ್ರೂ ತಿನ್ನಿಸ್ದೆ."

"ಯಾಕೆ?"

"ನಾನು ಅವಳ ಅಮ್ಮ ಅಲ್ವಾ."

ಅವಳು ನಿದ್ದೆ ಹೋಗಿ ಒಂದು ಗಂಟೆಯಾಯಿತು. ಆ ಮಾತು ಇನ್ನೂ ಕಿವಿಯಲ್ಲಿದೆ. ತಟ್ಟೆ ಖಾಲಿ ಮಾಡಿಸುವುದೇ ತಾಯಿಯ ಪ್ರೀತಿ ಅಂತ ನಾನೂ ನಂಬಿದ್ದೆ. ಸಾಕು ಅನ್ನುವುದು ಚಿಕ್ಕ ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ. ಪರದೆ ತೋರಿಸಿ ತುರುಕುತ್ತಾ ಹೋದರೆ ತಮ್ಮ ಹೊಟ್ಟೆಯ ಮಾತನ್ನೇ ಕೇಳದಂತಾಗುತ್ತಾರೆ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರು ಹೇಳಿದ ಪಾಲು ನೆನಪಾಯಿತು: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು, ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನದು. ಇದನ್ನು ಓದಿದ್ದು ಪುಟ್ಟಿ ಹೊಟ್ಟೆಯಲ್ಲಿದ್ದಾಗ. ಆಮೇಲೆ ಅವಳ ಪಾಲನ್ನು ನಾನು ಕಿತ್ತುಕೊಂಡೆ, ನನ್ನ ಪಾಲನ್ನು ಬಿಸ್ಕತ್ತಿನ ಡಬ್ಬಿಗೆ ಬಿಟ್ಟುಕೊಟ್ಟೆ. ಆ ಡಬ್ಬಿ ಇರುವುದು ಅವಳ ಕೈಗೆಟುಕುವ ಕಪಾಟಿನಲ್ಲಿ. ಹಣ್ಣು ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ, ತರಕಾರಿಯ ಕೆಳಗೆ. ಹಸಿದಾಗ ಅವಳ ಕೈ ಎಲ್ಲಿಗೆ ಹೋಗಬೇಕು?

ಈಗ ಎದ್ದುಹೋಗಿ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಮತ್ತೆ ಇಳಿಸಿದೆ. ಕಣ್ಣಿಗೆ ಕಾಣುವಂತಿಟ್ಟು ಮುಟ್ಟಬೇಡ ಅಂದರೆ ಮಕ್ಕಳಿಗೆ ಅದರ ಮೇಲೇ ಆಸೆ ಹೆಚ್ಚುತ್ತದೆ ಅಂತ 1999ರಲ್ಲೇ ಫಿಶರ್ ಮತ್ತು ಬರ್ಚ್ ಎಂಬ ಸಂಶೋಧಕರು ತೋರಿಸಿದ್ದಾರೆ. ಇರುವುದು ಮುಗಿಯಲಿ, ಮತ್ತೆ ತರುವುದು ಬೇಡ. ಹಣ್ಣು ಮಾತ್ರ ತೊಳೆದು ಬುಟ್ಟಿಯಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದೇನೆ.

ತರಕಾರಿಯದೂ ಅದೇ ಕಥೆ. ಮೂರು ಸಲ ಮುಖ ಸಿಂಡರಿಸಿದಳು ಅಂತ ಮಾಡುವುದನ್ನೇ ಬಿಟ್ಟೆ. ಹೊಸ ರುಚಿ ನಾಲಿಗೆಗೆ ಒಗ್ಗಲು ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಅದಕ್ಕೂ ಹೆಚ್ಚು ಸಲ ಬೇಕು. ನಾನು ಅವಳಿಗೆ ಅಷ್ಟು ಕಾಲಾವಕಾಶವನ್ನೇ ಕೊಡಲಿಲ್ಲ.

ಓಡಬೇಡ ಅಂದದ್ದು ಎಲ್ಲಕ್ಕಿಂತ ಚುಚ್ಚುತ್ತಿದೆ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸುತ್ತಿರಬೇಕು, ಕೂತು ಪರದೆ ನೋಡುವುದು ಒಂದು ಗಂಟೆ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪುಟ್ಟಿಗೆ ನಾಲ್ಕು. ಇವತ್ತಿನ ಲೆಕ್ಕ ಹಾಕಲು ಕೂತು ಅರ್ಧಕ್ಕೇ ನಿಲ್ಲಿಸಿದೆ, ನೋಡಲಾಗಲಿಲ್ಲ. ಸಂಜೆ ಚೆಂಡು ಹಿಡಿದು ಎರಡು ಸಲ ಬಂದಿದ್ದಳು. ಎರಡು ಸಲವೂ "ಐದು ನಿಮಿಷ ತಾಳು" ಅಂದೆ. ಮೂರನೇ ಸಲ ಬರಲಿಲ್ಲ. ಆಗಲೇ ಗೊಂಬೆಯನ್ನು ಕೂರಿಸಿಕೊಂಡದ್ದು.

ಚೆಂಡು ಸೋಫಾ ಕೆಳಗೆ ಸಿಕ್ಕಿತು. ಬಾಗಿಲ ಹತ್ತಿರ ಇಟ್ಟಿದ್ದೇನೆ. ನಾಳೆ ಅವಳು ಬಂದು ಕರೆಯುವ ಮೊದಲೇ ನಾನೇ ಕರೆಯಬೇಕು. ಆರೂವರೆಗೆ ಆಫೀಸಿನ ಮೀಟಿಂಗ್ ಇದೆ ಅನ್ನುವುದು ಈಗ ನೆನಪಾಯಿತು. ಅದನ್ನು ಏಳಕ್ಕೆ ಹಾಕಲು ಹೇಳಬೇಕು, ಇಲ್ಲಾ ಇವರಾದರೂ ಬೇಗ ಬರಬೇಕು.