ಅರ್ಧ ಕೌದಿ

ಲಂಡನ್ನಿನ ರಸೆಲ್ ಸ್ಕ್ವೇರ್ ಹತ್ತಿರ ಕೋರಮ್ಸ್ ಫೀಲ್ಡ್ಸ್ ಅಂತ ಏಳು ಎಕರೆಯ ಆಟದ ಬಯಲಿದೆ. ಜೊತೆಯಲ್ಲಿ ಮಗು ಇಲ್ಲದಿದ್ದರೆ ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ. ಶನಿವಾರ ನಾನೂ ಮಗಳ ಕೈ ಹಿಡಿದೇ ಹೋಗುತ್ತೇನೆ. ಅವಳು ಜಾರುಬಂಡೆ ಹತ್ತಿದ ಮೇಲೆ ನನ್ನ ಕಣ್ಣು ಗೇಟಿನ ಕಡೆಗೇ ಹೋಗುತ್ತದೆ. ಒಂದು ಕಾಲಕ್ಕೆ ಸಾಕಲಾಗದ ತಾಯಂದಿರು ಕೂಸುಗಳನ್ನು ತಂದು ಒಪ್ಪಿಸುತ್ತಿದ್ದ ಫೌಂಡ್ಲಿಂಗ್ ಹಾಸ್ಪಿಟಲ್ ಇದ್ದದ್ದು ಇಲ್ಲೇ.

ಹಾಸ್ಪಿಟಲ್ ಅಂದರೆ ಆಗ ಆಶ್ರಯ. ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ ಬೀದಿ ಬದಿಯಲ್ಲಿ ಬಿದ್ದಿದ್ದ ಹಸುಗೂಸುಗಳನ್ನು ಕಂಡು ಹೊಟ್ಟೆಯಲ್ಲಿ ಸಂಕಟವಾಗಿ, ಹದಿನೇಳು ವರ್ಷ ಶ್ರೀಮಂತರ ಬಾಗಿಲು ಬಡಿದ. 1739ರಲ್ಲಿ ರಾಜನ ಸನ್ನದು ಸಿಕ್ಕಿತು. ಚಿತ್ರಕಾರ ಹೊಗಾರ್ತ್ ಚಿತ್ರ ಬರೆದುಕೊಟ್ಟ, ಸಂಗೀತಗಾರ ಹ್ಯಾಂಡೆಲ್ ಸಂಗೀತ ಕಛೇರಿ ನಡೆಸಿ ಹಣ ಕೂಡಿಸಿದ. ಆದರೂ ಜಾಗ ಸಾಲದು. ತಾಯಂದಿರು ಚೀಲಕ್ಕೆ ಕೈ ಹಾಕಿ ಚೆಂಡು ತೆಗೆಯಬೇಕಿತ್ತು. ಕಪ್ಪು ಚೆಂಡು ಬಂದವಳು ಮಗುವನ್ನು ಎತ್ತಿಕೊಂಡು ವಾಪಸ್ ನಡೆಯಬೇಕು.

ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳಿ ಎಂದು ಪಾರ್ಲಿಮೆಂಟು 1756ರಲ್ಲಿ ಹಣ ಕೊಟ್ಟಿತು. ಕೂಸುಗಳನ್ನು ಮಲಗಿಸಿ ಹೋಗಲು ಗೇಟಿಗೆ ಬುಟ್ಟಿ ಕಟ್ಟಿದರು. ಮೊದಲ ದಿನವೇ 117 ಮಕ್ಕಳು. ನಾಲ್ಕು ವರ್ಷದಲ್ಲಿ ಹತ್ತಿರಹತ್ತಿರ 15,000! ದುಡ್ಡಿಗಾಗಿ ದೂರದ ಊರುಗಳಿಂದ ಕೂಸುಗಳನ್ನು ಹೊತ್ತು ತರುವವರು ಹುಟ್ಟಿಕೊಂಡರು, ಎಷ್ಟೋ ಕೂಸುಗಳು ದಾರಿಯಲ್ಲೇ ಕಣ್ಣುಮುಚ್ಚಿದವು. ಹಾಲೂಡಿಸುವ ದಾದಿಯರು ಎಲ್ಲಿಂದ ಸಿಗಬೇಕು? ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಬದುಕಲಿಲ್ಲ. 1760ರಲ್ಲಿ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಆ ಬಾಗಿಲು ಮುಚ್ಚಿತು.

ಊರಿನ ಕಡೆಯ ಅನಾಥಾಶ್ರಮಗಳಿಗೆ ನಾವು ಕೆಲವು ಗೆಳೆಯರು ಕೂಡಿ ಹಣ ಕಳಿಸುತ್ತೇವೆ. ಈ ವರ್ಷ ಎಷ್ಟು ಮಕ್ಕಳು ಹೆಚ್ಚಾದರು ಅಂತ ಮೊದಲೆಲ್ಲ ಖುಷಿಯಿಂದ ಕೇಳುತ್ತಿದ್ದೆ. ಈಗ, ರಾತ್ರಿ ಮಗು ಅತ್ತರೆ ಏಳುವವರು ಎಷ್ಟು ಜನ ಅಂತ ಕೇಳುತ್ತೇನೆ. ಆಯಾಗಳ ಸಂಬಳಕ್ಕೆ ಕೊಡಿ ಅಂದರೆ ದಾನಿಗಳಿಗೆ ಅಷ್ಟು ಉತ್ಸಾಹ ಇರುವುದಿಲ್ಲ, ಕಟ್ಟಡಕ್ಕೆ ಕೊಟ್ಟರೆ ಅದರ ಮೇಲೆ ಹೆಸರು ಬರುತ್ತದಲ್ಲ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಇಲ್ಲಿನ ಸಂಸ್ಥೆ 1954ರಲ್ಲಿ ಮಕ್ಕಳ ವಸತಿ ನಿಲ್ಲಿಸಿತು. ಈಗ ಕೋರಮ್ ಎಂಬ ಹೆಸರಲ್ಲಿ ಮಕ್ಕಳಿಗೆ ದತ್ತು ಮನೆ ಹುಡುಕುವ ಕೆಲಸವನ್ನೂ ಮಾಡುತ್ತದೆ.

ಬಯಲಿನ ಪಕ್ಕದಲ್ಲೇ ಮ್ಯೂಸಿಯಂ ಇದೆ. ಮುಂದೊಂದು ದಿನ ಮಗುವನ್ನು ಗುರುತಿಸಲೆಂದು ತಾಯಂದಿರು ಬಿಟ್ಟುಹೋದ ವಸ್ತುಗಳು ಅಲ್ಲಿವೆ: ಉಜ್ಜಿ ನುಣುಪಾದ ನಾಣ್ಯ, ಒಂದು ಹೇಜಲ್ ಕಾಯಿಯ ಚಿಪ್ಪು. ಏನೂ ಇಲ್ಲದವರ ಮಗುವಿನ ಬಟ್ಟೆಯಿಂದಲೇ ತುಂಡು ಕತ್ತರಿಸಿ ದಾಖಲೆ ಹಾಳೆಗೆ ಪಿನ್ ಚುಚ್ಚುತ್ತಿದ್ದರು. ಅಂಥ ಸಾವಿರಾರು ತುಂಡುಗಳು ಉಳಿದಿವೆ. ಅವುಗಳಲ್ಲೊಂದರ ಫೋಟೋ ನೋಡಿ ನಾನು ಅಲ್ಲಾಡದೆ ನಿಂತೆ. ನಮ್ಮಮ್ಮ ಹಳೇ ಸೀರೆ ತುಂಡು ಕೂಡಿಸಿ ಹೊಲಿಯುವ ಕೌದಿಯ ಹಾಗೇ, ಬಣ್ಣಬಣ್ಣದ ಚೂರುಗಳ ಒಂದು ಪಟ್ಟಿ. ಮೇಲೆ ಕೆಂಪು ದಾರದಲ್ಲಿ ಕಸೂತಿ ಹಾಕಿದ ಹೃದಯ, ಸರಿಯಾಗಿ ಅರ್ಧಕ್ಕೆ ಕತ್ತರಿಸಿದ್ದು. 1767ರ ಫೆಬ್ರವರಿಯಲ್ಲಿ ಸಾರಾ ಬೆಂಡರ್ ಎಂಬಾಕೆ ಮಗ ಚಾರ್ಲ್ಸ್‌ನನ್ನು ಒಪ್ಪಿಸಿ ಬಿಟ್ಟುಹೋದ ಅರ್ಧ ಅದು. ಅವನಿಗೆ ಒಳಗೆ ಬೆಂಜಮಿನ್ ಅಂತ ಬೇರೆ ಹೆಸರಿಟ್ಟರು.

ವಾಪಸ್ ಬಂದು ಮಗುವನ್ನು ಕರೆದೊಯ್ದ ತಾಯಂದಿರು ಬಹಳ ಕಡಿಮೆ. ಸಾರಾ ಬಂದಳು, ಎಂಟು ವರ್ಷದ ಮೇಲೆ, 1775ರ ಜೂನ್‌ನಲ್ಲಿ, ಮಗನನ್ನು ಕರೆದೊಯ್ಯಲು.